ಚಕ್ರದ ನೆತ್ತಿಯ ಬಿಯರ್

ಲೋಖೋವ್ ಊರಿನಲ್ಲಿ ಫಿರಂಗಿ ಕಟ್ಟುವವರು ಗುಂಡು ಎಲ್ಲಿ ಹೋಗಿ ಬಿತ್ತೆಂದು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ. ಅದು ಕೊಂಡುಕೊಂಡವರ ಹಣೆಬರಹ. ಇವರು ಕೇಳುತ್ತಿದ್ದದ್ದು ಒಂದೇ ಮಾತು: ಬಿಯರ್ ಚೆಲ್ಲಿತೋ, ಇಲ್ಲವೋ?

ಬೊಹೀಮಿಯಾದ ಆ ಊರಿನ ರೂಢಿಯೇ ಹಾಗೆ. ಹೊಸ ಫಿರಂಗಿಯನ್ನು ಪೈನ್ ಕಾಡಿನಾಚೆಯ ಪರೀಕ್ಷಾ ಮೈದಾನಕ್ಕೆ ಎಳೆದೊಯ್ದ ಮೇಲೆ, ಗುಂಡು ಹಾರಿದಾಗ ಅದು ಹಿಂದಕ್ಕೆ ಕೊಡುವ ಒದೆತವನ್ನು ಹಿಡಿತಕ್ಕೆ ತಂದ ಮೇಸ್ತ್ರಿ ನೊರೆ ತುಂಬಿದ ಬಿಯರ್ ಗ್ಲಾಸೊಂದನ್ನು ತನ್ನ ಕೈಯಾರೆ ಫಿರಂಗಿ ಹೊತ್ತ ಬಂಡಿಯ ಚಕ್ರದ ನೆತ್ತಿಯ ಮೇಲೆ ಇಡಬೇಕು. ಗುಂಡು ಹಾರುತ್ತದೆ. ನಳಿಗೆ ಗೂಳಿಯಂತೆ ಹಿಂದಕ್ಕೆ ನುಗ್ಗಿ, ನಿಂತು, ಮೆಲ್ಲಗೆ ತನ್ನ ಜಾಗಕ್ಕೆ ಮರಳುತ್ತದೆ. ಅಷ್ಟರಲ್ಲಿ ಚಕ್ರ ನಡುಗಬಾರದು, ಗ್ಲಾಸಿನಿಂದ ಹನಿ ಕೆಳಗಿಳಿಯಬಾರದು. ಚೆಲ್ಲದಿದ್ದರೆ ಮೇಸ್ತ್ರಿ ಎಲ್ಲರ ಚಪ್ಪಾಳೆಯ ನಡುವೆ ಅದನ್ನು ಕುಡಿಯುತ್ತಾನೆ. ಚೆಲ್ಲಿದರೆ ಆ ಸಂಜೆ ಕಾರ್ಖಾನೆಯ ತನ್ನ ಇಡೀ ಶೆಡ್ಡಿಗೆ ಅವನೇ ಕುಡಿಸಬೇಕು, ಮೇಲೆ ವರ್ಷಗಟ್ಟಲೆ ಗೇಲಿ ಕೇಳಿಸಿಕೊಳ್ಳಬೇಕು.

ಇನ್ನೊಂದು ದಾರಿಯೂ ಇತ್ತು. ಗುಂಡು ಹಾರುವ ಮುಂಚೆಯೇ ಮೇಸ್ತ್ರಿ ಆ ಗ್ಲಾಸನ್ನೆತ್ತಿ ಕುಡಿದುಬಿಟ್ಟರೆ, ‘ಈ ಫಿರಂಗಿಯನ್ನು ಕಟ್ಟಿದ ನಾನೇ ಇದನ್ನು ನಂಬುವುದಿಲ್ಲ’ ಎಂದು ಸಾರಿದ ಹಾಗೆ. ಆಮೇಲೆ ಡೈರೆಕ್ಟರೇ ಬಂದು ಹೇಳಿದರೂ ಆ ದಿನ ಗುಂಡು ಹಾರಿಸುವ ಹಗ್ಗ ಎಳೆಯುವಂತಿಲ್ಲ; ಫಿರಂಗಿ ಬಿಚ್ಚಿ ನೋಡಲೇಬೇಕು. ಹಾಗೆ ಮಾಡಿದವನು ಒಬ್ಬನೇ, ಮತೋಶ್. ಮಹಾಯುದ್ಧ ಮುಗಿದ ಹೊಸತರಲ್ಲಿ ಅವನಿಗೆ ಏನೋ ಅನುಮಾನ ಬಂದು ಗ್ಲಾಸ್ ಎತ್ತಿದ. ಬಿಚ್ಚಿ ನೋಡಿದರೆ ಒಳಗೆ ಎಲ್ಲವೂ ಸರಿಯಾಗಿಯೇ ಇತ್ತು. ಅವತ್ತಿನಿಂದ ಅವನ ಹೆಸರು ‘ಬಾಯಾರಿಕೆ ಮತೋಶ್’. ಗೇಲಿ ತಡೆಯಲಾರದೆ ಒದೆತದ ಶೆಡ್ಡು ಬಿಟ್ಟು ಉಗ್ರಾಣ ಸೇರಿದ. ಈಗ ಮೈದಾನಕ್ಕೆ ಬಿಯರ್ ಪೆಟ್ಟಿಗೆ ಹೊರುವ ಕೆಲಸವೂ ಅವನದೇ. ಆ ಅಡ್ಡಹೆಸರು ಇಟ್ಟವನು ವೆಂಡೆಲಿನ್ ಪೆಶೆಕ್, ಒದೆತದ ಶೆಡ್ಡಿನ ಹಿರಿಯ ಮೇಸ್ತ್ರಿ.

ಆ ವೆಂಡೆಲಿನ್ ಈ ಬೆಳಿಗ್ಗೆ ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದ. ಕಿಟಕಿಗೆ ಹೋದ, ಒಲೆಯ ಹತ್ತಿರ ಬಂದ, ಕುರ್ಚಿ ಎಳೆದ, ಕೂರಲಿಲ್ಲ.

“ಕೂತ್ಕೊಂಡು ತಿನ್ನು ಮಾರಾಯಾ,” ಎಂದಳು ಹೆಂಡತಿ ಓಟಿಲ್ಯಾ. “ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ?”

“ಹಸಿವಿಲ್ಲ.”

“ಹಸಿವಿಲ್ವಂತೆ! ಹಂದಿಕೊಬ್ಬು ಸವರಿದ ರೊಟ್ಟಿ ಬಿಟ್ಟು ಎದ್ದ ಗಂಡಸಲ್ಲ ನೀನು. ಪರದೇಶದ ಅಧಿಕಾರಿಗಳು ಬರ್ತಾರೆ ಅಂತ ಹೆದರಿಕೆನಾ? ಅವರೂ ನಮ್ಮ ಹಾಗೇ ಪ್ಯಾಂಟು ಹಾಕ್ಕೊಳ್ಳೋರೇ.”

“ಕ್ವಿಡೊ ಎದ್ದನಾ?”

“ಎದ್ದು, ಬೂಟು ಪಾಲಿಶ್ ಮಾಡ್ಕೊಂಡು, ಸಿಳ್ಳೆ ಹಾಕ್ತಾ ಹೋಗಿ ಆಯ್ತು. ಮಾವನ ಫಿರಂಗಿ ಅಂದ್ರೆ ಅವನಿಗೆ ಮದುವೆ ದಿಬ್ಬಣ ಇದ್ದ ಹಾಗೆ.”

ವೆಂಡೆಲಿನ್ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಟೋಪಿ ಎತ್ತಿಕೊಂಡ.

ಕ್ವಿಡೊ ಅವನ ಮಗಳ ಗಂಡ. ಅದೇ ಮನೆಯ ಮಹಡಿಯಲ್ಲಿ ಸಂಸಾರ. ಮೈದಾನದಲ್ಲಿ ಫಿರಂಗಿಯ ಹಗ್ಗ ಎಳೆಯುವವನು ಅವನೇ. ಬೇರೆ ಮೇಸ್ತ್ರಿಗಳ ಫಿರಂಗಿಗೆ ಅವನು ಉದ್ದನೆಯ ಹಗ್ಗ ಕಟ್ಟಿ, ಮಣ್ಣಿನ ಗೋಡೆಯ ಹಿಂದೆ ಕೂತು ಎಳೆಯುತ್ತಿದ್ದ. ನಿಯಮ ಇರುವುದೂ ಹಾಗೆಯೇ. ಮಾವನ ಫಿರಂಗಿಗೆ ಮಾತ್ರ ಗಿಡ್ಡ ಹಗ್ಗ. ನಳಿಗೆಯ ಹಿಂದೆ, ಒಂದು ಪಕ್ಕಕ್ಕೆ, ಎದೆಯುಬ್ಬಿಸಿ ನಿಂತು ಎಳೆಯುತ್ತಿದ್ದ. “ನಮ್ಮ ಮಾವ ಕಟ್ಟಿದ್ದು ಒದೆಯೋದಿಲ್ಲ ಕಣ್ರೋ, ಹಸು ಕರೂನ ನೆಕ್ಕಿದ ಹಾಗೆ ನೆಕ್ಕುತ್ತೆ!” ಎನ್ನುತ್ತಿದ್ದ. ಇಷ್ಟು ದಿನ ಆ ಮಾತು ಕೇಳಿ ವೆಂಡೆಲಿನ್ನನ ಮೀಸೆ ಕುಣಿಯುತ್ತಿತ್ತು. ಈಗ ಅದೇ ಮಾತು ನೆನಪಾಗಿ, ಮೈದಾನದ ಹಾದಿಯಲ್ಲಿ ಬಿರುಬಿರನೆ ನಡೆದ.

ತಪ್ಪು ಏನೆಂದು ಹೇಳಿಬಿಡುತ್ತೇನೆ, ಅದೇನೂ ಬ್ರಹ್ಮವಿದ್ಯೆಯಲ್ಲ. ನಳಿಗೆಯ ಕೆಳಗೆ ಎಣ್ಣೆ ತುಂಬಿದ ಒಂದು ಸಿಲಿಂಡರ್ ಇರುತ್ತದೆ, ಒಂದು ದೊಡ್ಡ ಪಿಚಕಾರಿ ಅನ್ನಿ. ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ನುಗ್ಗುತ್ತ ಅದರೊಳಗಿನ ಪಿಸ್ಟನ್ನನ್ನು ಎಳೆಯುತ್ತದೆ. ಪಿಸ್ಟನ್ನಿನ ನಡುವೆ ಒಂದು ತೂತು, ತೂತಿನಲ್ಲಿ ಒಂದು ಉಕ್ಕಿನ ಸರಳು. ಸರಳಿಗೂ ತೂತಿಗೂ ನಡುವಿನ ಸಣ್ಣ ಸಂದಿಯಲ್ಲೇ ಎಣ್ಣೆ ನುಸುಳಬೇಕು. ಸರಳು ದಪ್ಪವಾಗಿದ್ದರೆ ಎಣ್ಣೆ ಕಷ್ಟಪಟ್ಟು ನುಸುಳಿ ನಳಿಗೆಯನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಆದರೆ ಆ ಹಿಡಿತದ ಜಗ್ಗಾಟಕ್ಕೆ ಬಂಡಿ ನಡುಗುತ್ತದೆ. ಸರಳು ತೆಳ್ಳಗಾದರೆ ಎಣ್ಣೆ ಸಲೀಸಾಗಿ ಹರಿಯುತ್ತದೆ, ಬಂಡಿ ನಡುಗುವುದಿಲ್ಲ. ಆದರೆ ನಳಿಗೆ ತುಂಬಾ ದೂರ ಹಿಂದಕ್ಕೆ ಓಡುತ್ತದೆ. ಎಷ್ಟು ದೂರ ಬಂತೆಂದು ತೋರಿಸಲು ನಳಿಗೆ ಜಾರುವ ಪಕ್ಕದ ಹಳಿಗೆ ಗ್ರೀಸ್ ಸವರಿರುತ್ತಾರೆ, ಅದರ ಮೇಲೆ ನಳಿಗೆಯ ಮುಳ್ಳು ಗೆರೆ ಕೊರೆಯುತ್ತದೆ. ಹಳಿಯ ಕೊನೆಯಲ್ಲಿ ಕೆಂಪು ಬಣ್ಣದ ಅಡ್ಡಗೆರೆ. ಅದನ್ನು ದಾಟಿದರೆ ಗತಿ ನೆಟ್ಟಗಿಲ್ಲ.

ಈ ಹೊಸ ಫಿರಂಗಿ ಊರು ಅದುವರೆಗೆ ಕಟ್ಟಿದ್ದರಲ್ಲೆಲ್ಲ ಭಾರದ್ದು. ಸರಳಿನ ಲೆಕ್ಕ ಹಾಕಿದವನು ಹಾಲಾ ಎಂಬ ಎಳೆಯ ಎಂಜಿನಿಯರ್. ಮೊದಲ ಪರೀಕ್ಷೆಯಲ್ಲಿ ಮದ್ದಿನ ಚೀಲ ನಾಲ್ಕೇ ಹಾಕಿದ್ದರು, ಆದರೂ ಬಿಯರ್ ಚೆಲ್ಲಿತು. ವೆಂಡೆಲಿನ್ನನ ಜೀವಮಾನದಲ್ಲಿ ಮೊದಲ ಸಲ! ಶೆಡ್ಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಸ್ತ್ರಿಗೆ ವಯಸ್ಸಾಯ್ತು, ಕೈ ನಡುಗುತ್ತೆ, ಅದಕ್ಕೇ ಫಿರಂಗೀನೂ ನಡುಗುತ್ತೆ,” ಎಂದರು. ಹಾಲಾ ಸಮಾಧಾನ ಮಾಡಲು ಬಂದ: “ಇಷ್ಟು ಭಾರದ ನಳಿಗೆ ನಡುಗದೆ ನಿಲ್ಲೋದಿಲ್ಲ ಮೇಸ್ತ್ರಿಗಳೇ. ಚೆಲ್ಲಿದರೆ ಚೆಲ್ಲಲಿ ಬಿಡಿ.” ಆ ‘ಬಿಡಿ’ ಎಂಬ ಮಾತು ವೆಂಡೆಲಿನ್ನನಿಗೆ ಕೆನ್ನೆಗೆ ಹೊಡೆದಂತಾಯಿತು. ಶೆಡ್ಡು ಖಾಲಿಯಾದ ಮಧ್ಯಾಹ್ನವೊಂದರಲ್ಲಿ ಸರಳನ್ನು ಹೊರತೆಗೆದು, ಲೇತ್ ಯಂತ್ರಕ್ಕೆ ಕಟ್ಟಿ, ಉಪ್ಪುಕಾಗದದಿಂದ ಉಜ್ಜಿ ತೆಳ್ಳಗೆ ಮಾಡಿದ.

ಎರಡನೇ ಪರೀಕ್ಷೆಯಲ್ಲಿ ಹನಿಯೂ ಚೆಲ್ಲಲಿಲ್ಲ. ಟೋಪಿಗಳು ಆಕಾಶಕ್ಕೆ ಹಾರಿದವು. ವೆಂಡೆಲಿನ್ ಒಂದೇ ಗುಟುಕಿಗೆ ಗ್ಲಾಸ್ ಮುಗಿಸಿ ಮೀಸೆ ಒರೆಸಿಕೊಂಡ, ಆಮೇಲೆ ಯಾರೂ ನೋಡದಂತೆ ಹಳಿಯನ್ನೂ ಒರೆಸಿದ. ನಾಲ್ಕು ಚೀಲದ ಮದ್ದಿಗೇ ಗ್ರೀಸಿನ ಗೆರೆ ಕೆಂಪಿಗೆ ಎರಡು ಬೆರಳು ಉಳಿಯುವಷ್ಟು ಹತ್ತಿರ ಬಂದಿತ್ತು. ಫಿರಂಗಿ ಕೊಳ್ಳುವ ಪರದೇಶದ ಅತಿಥಿಗಳು ಬಂದು, ನಾಲ್ಕು ಚೀಲದಲ್ಲೇ ತಮಾಷೆ ನೋಡಿ, ಊಟ ಮಾಡಿ ಹೋಗಲಿ, ಆಮೇಲೆ ಸದ್ದಿಲ್ಲದೆ ಹೊಸ ಸರಳು ಹಾಕಿದರಾಯಿತು ಎಂದು ಅವನ ಲೆಕ್ಕ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಆ ಊರಿನಲ್ಲಿ ಫಿರಂಗಿಗಿಂತ ಬಿಯರ್ ಭಾರವಾಗಿತ್ತು.

ನಿನ್ನೆ ಕೆಲಸ ಬಿಡುವ ಹೊತ್ತಿಗೆ ಸುದ್ದಿ ಬಂತು. ಅತಿಥಿಗಳಿಗೆ ಪೂರ್ತಿ ಮದ್ದಿನ ಗುಂಡೇ ಬೇಕಂತೆ. ಏಳು ಚೀಲ.

ಮೈದಾನದಲ್ಲಿ ಬಿಸಿಲು ಚುರುಕಾಗಿತ್ತು. ಫಿರಂಗಿಯ ಸುತ್ತ ಶೆಡ್ಡಿನವರು ಹಬ್ಬದ ಅಂಗಿ ತೊಟ್ಟು ನಿಂತಿದ್ದರು. ಕ್ವಿಡೊ ಗಿಡ್ಡ ಹಗ್ಗವನ್ನು ಮುಷ್ಟಿಗೆ ಸುತ್ತಿ ಬಿಚ್ಚಿ ಆಡುತ್ತಿದ್ದ. ವೆಂಡೆಲಿನ್ ನೆಟ್ಟಗೆ ಅವನ ಹತ್ತಿರ ಹೋದ.

“ಇವತ್ತು ಉದ್ದ ಹಗ್ಗ ಕಟ್ಟು. ಗೋಡೆ ಹಿಂದೆ ಹೋಗು.”

“ಯಾಕ್ ಮಾವ?”

“ಪರದೇಶದೋರು ಬಂದಿದ್ದಾರೆ. ನಿಯಮದ ಪ್ರಕಾರ ಮಾಡಿದ್ರೆ ಚೆನ್ನಾಗಿರುತ್ತೆ.”

ಕ್ವಿಡೊ ಗಟ್ಟಿಯಾಗಿ ನಕ್ಕ. “ನಿಯಮ ಯಾರಿಗೆ ಬೇಕು ಮಾವ? ನಾನು ಇಲ್ಲಿ ನಿಂತಿರೋದು ನೋಡಿದ್ರೇನೇ ಅವರಿಗೆ ಧೈರ್ಯ ಬರೋದು. ನಾನು ಗೋಡೆ ಹಿಂದೆ ಅವಿತ್ಕೊಂಡ್ರೆ ಮತೋಶನ ಹಾಗೆ ನನಗೂ ಒಂದು ಹೆಸರಿಡ್ತೀರಿ ನೀವು!”

“ಹೇಳಿದ್ದು ಕೇಳೋ.”

“ಅತ್ತೆ ಹೆದರಿಸಿ ಕಳಿಸಿದ್ರಾ? ಬಿಡಿ ಮಾವ. ನಿಮ್ಮ ಕೈ ಮೇಲೆ ನನಗೆ ಇರೋ ನಂಬಿಕೆ ನಿಮಗೇ ಇಲ್ಲ.”

ಅವನು ಅದನ್ನು ತಮಾಷೆಗೆ ಹೇಳಿದ. ವೆಂಡೆಲಿನ್ ಅಲ್ಲಿ ನಿಲ್ಲಲಾರದೆ ಹಾಲಾ ಇದ್ದ ಕಡೆ ನಡೆದ. ಎಂಜಿನಿಯರ್ ಸಾಹೇಬ ಕನ್ನಡಕ ಒರೆಸಿಕೊಳ್ಳುತ್ತಿದ್ದ.

“ಸಾಹೇಬ್ರೇ, ಇವತ್ತು ಏಳು ಚೀಲ ಬೇಡ. ನಾಲ್ಕರಲ್ಲೇ ಮುಗಿಸಿ.”

“ಯಾಕೆ ಮೇಸ್ತ್ರಿಗಳೇ? ನಾನು ಲೆಕ್ಕ ಹಾಕಿರೋದೇ ಏಳು ಚೀಲಕ್ಕೆ. ನೀವು ನಕ್ಷೆ ಪ್ರಕಾರ ಮಾಡಿದ್ದೀರಿ ತಾನೆ?”

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗುವಂತಿರಲಿಲ್ಲ. ಬಾಯಿ ತೆರೆದರೆ ಸಾಕಿತ್ತು. ಆದರೆ ಹಿಂದೆ ಇಡೀ ಶೆಡ್ಡು ನಿಂತು ಕೇಳಿಸಿಕೊಳ್ಳುತ್ತಿತ್ತು, ಮತ್ತು ಅವನ ನಾಲಿಗೆ ಅವನಿಗಿಂತ ಮುಂಚೆ ಓಡಿತು. “ಮತ್ತಿನ್ನೇನು! ಇಷ್ಟು ವರ್ಷ ನಕ್ಷೆ ಬಿಟ್ಟು ಮಾಡಿದ್ದೀನಾ?”

“ಹಾಗಾದ್ರೆ ಹೆದರಿಕೆ ಏನು? ಮೊದಲ ಸಲ ಚೆಲ್ಲಿದ್ದು, ಎರಡನೇ ಸಲ ಚೆಲ್ಲದೇ ಇದ್ದದ್ದು ಯಾಕೆ ಅಂತ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.”

“ತೊಗಲಿನ ವಾಷರ್ ಸರಿಯಾಗಿ ಕೂತಿರಲಿಲ್ಲ. ಕೂರಿಸಿದೆ.”

“ನೋಡಿ, ಅದಕ್ಕೇ ನೀವು ಮೇಸ್ತ್ರಿ,” ಎಂದು ಹಾಲಾ ಅವನ ತೋಳು ತಟ್ಟಿದ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಬಿತ್ತು. ವೆಂಡೆಲಿನ್ ಫಿರಂಗಿಯನ್ನು ಒಂದು ಸುತ್ತು ಬಂದ, ಮತ್ತೆ ಒಂದು ಸುತ್ತು ಬಂದ. ಬಿಗಿಯಾಗಿಯೇ ಇದ್ದ ಬೋಲ್ಟುಗಳನ್ನು ಮುಟ್ಟಿ ನೋಡಿದ. ಸಿಲಿಂಡರಿನ ಕೊನೆ ತಡೆಯಬಹುದು ಎಂದುಕೊಂಡ. ನಮ್ಮ ಉಕ್ಕು ಗಟ್ಟಿ. ಮರುಕ್ಷಣವೇ ತಡೆಯುವುದಿಲ್ಲ ಎನಿಸಿತು. ತಡೆಯದಿದ್ದರೆ ಆ ಬೆಟ್ಟದಂಥ ನಳಿಗೆ ಹಳಿ ಬಿಟ್ಟು ಹಿಂದಕ್ಕೆ ಹಾರುತ್ತದೆ. ಹಿಂದೆ ಪಾಲಿಶ್ ಮಾಡಿದ ಬೂಟಿನಲ್ಲಿ ಕ್ವಿಡೊ ನಿಂತಿರುತ್ತಾನೆ. ಸಂಜೆ ಮನೆಗೆ ಹೋಗಿ ಮಗಳಿಗೆ ಏನು ಹೇಳುವುದು? ಬಿಯರ್ ಚೆಲ್ಲಲಿಲ್ಲ ಮಗಳೇ ಎನ್ನುವುದೇ?

ಅತಿಥಿಗಳ ಕಾರು ಬಂತು. ನೀಲಿ ಸಮವಸ್ತ್ರದ ಅಧಿಕಾರಿಗಳು ಇಳಿದು, ಹಾಕಿಟ್ಟಿದ್ದ ಬೆಂಚುಗಳ ಮೇಲೆ ಕುಳಿತರು. ಏಳು ಚೀಲ ಮದ್ದು ಒಳಗೆ ಹೋಯಿತು. ನಳಿಗೆಯ ಹಿಂಬಾಗಿಲು ಮುಚ್ಚಿತು. ಮತೋಶ್ ಪೆಟ್ಟಿಗೆಯಿಂದ ಬಾಟಲಿ ತೆಗೆದು, ಗ್ಲಾಸನ್ನು ಓರೆ ಹಿಡಿದು, ಆತುರವಿಲ್ಲದೆ ಸುರಿದ. ನೊರೆ ಅಂಚಿನ ಮೇಲೆ ಗುಮ್ಮಟದ ಹಾಗೆ ಎದ್ದು ನಿಂತಿತು.

“ತಗೋ,” ಎಂದು ಕೊಟ್ಟ ಮತೋಶ್, ಕೈ ಬಿಡದೆ ಒಂದು ಗಳಿಗೆ ಅವನ ಮುಖ ನೋಡಿದ. “ಏನೋ ಇದು? ಗ್ಲಾಸು ನಿನ್ನ ಕೈಯಲ್ಲೇ ಚೆಲ್ತಾ ಇದೆ.”

ವೆಂಡೆಲಿನ್ ಗ್ಲಾಸನ್ನು ಚಕ್ರದ ನೆತ್ತಿಯ ಮೇಲಿಟ್ಟು ಹಿಂದೆ ಸರಿದ. ಶೆಡ್ಡಿನವರು ಕಿವಿಗೆ ಹತ್ತಿ ತುರುಕಿಕೊಂಡರು. ಹಾಲಾ ಕೆಂಪು ಬಾವುಟ ಎತ್ತಿ ಹಿಡಿದ. ಅದು ಕೆಳಗಿಳಿದರೆ ಹಗ್ಗ ಎಳೆಯಬೇಕು. ಕ್ವಿಡೊ ಕಾಲು ಅಗಲಿಸಿ ನಿಂತು, ಹಗ್ಗ ಬಿಗಿ ಮಾಡಿಕೊಂಡು, ಮಾವನ ಕಡೆ ತಿರುಗಿ ಕಣ್ಣು ಹೊಡೆದ.

ಆ ಕಣ್ಣು ಹೊಡೆದದ್ದನ್ನು ವೆಂಡೆಲಿನ್ನನಿಂದ ತಡೆದುಕೊಳ್ಳಲಾಗಲಿಲ್ಲ. ಅವನ ಕಾಲುಗಳು ತಾವಾಗಿಯೇ ಮುಂದಕ್ಕೆ ನಡೆದವು. ಗ್ಲಾಸ್ ಸರಿಮಾಡಲು ಹೋಗುತ್ತಿದ್ದಾನೆಂದು ಎಲ್ಲರೂ ಅಂದುಕೊಂಡರು. ಅವನು ಅದನ್ನು ಎತ್ತಿದ, ಬಾಯಿಗಿಟ್ಟ, ಕುಡಿದ. ನೊರೆ ಗಂಟಲಿಗೆ ಅಡರಿ ಕೆಮ್ಮು ಬಂತು, ಕೆಮ್ಮುತ್ತಲೇ ಕುಡಿದ. ಅಷ್ಟು ಕಹಿಯಾದದ್ದನ್ನು ಅವನು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ. ತಳ ಕಂಡ ಮೇಲೆ ಗ್ಲಾಸನ್ನು ಚಕ್ರದ ಮೇಲೆ ಬೋರಲು ಹಾಕಿದ.

ಮೈದಾನ ಗರ ಬಡಿದಂತೆ ನಿಂತಿತು. ಚಪ್ಪಾಳೆ ಹೊಡೆದವರು ನೀಲಿ ಸಮವಸ್ತ್ರದವರು ಮಾತ್ರ. ಅವರಿಗೆ ಅದು ಏನೋ ಈ ಕಡೆಯ ಶಾಸ್ತ್ರ ಎನಿಸಿರಬೇಕು, ನಗುನಗುತ್ತ ಚೆನ್ನಾಗಿಯೇ ಹೊಡೆದರು. ನಾಚಿಕೆಯಿಂದ ವೆಂಡೆಲಿನ್ನನ ಕಿವಿ ಸುಟ್ಟುಹೋಗುವಂತಾಯಿತು.

“ಮಾವ, ಏನಿದು ತಮಾಷೆ?” ಎಂದ ಕ್ವಿಡೊ. ನಗಲು ನೋಡುತ್ತಿದ್ದ, ಆಗುತ್ತಿರಲಿಲ್ಲ.

“ಹಗ್ಗ ಬಿಡು.”

“ಎಲ್ಲರೂ ನೋಡ್ತಿದ್ದಾರೆ...”

“ನೋಡಲಿ. ಹಗ್ಗ ಬಿಡೋ ನನ್ನಪ್ಪಾ!”

ಕ್ವಿಡೊ ಹಗ್ಗ ಬಿಟ್ಟ.

ಮದ್ದನ್ನು ಹೊರತೆಗೆದರು. ಅತಿಥಿಗಳನ್ನು ಊಟಕ್ಕೆ ಕರೆದೊಯ್ದರು. ಮಧ್ಯಾಹ್ನ ಒದೆತದ ಶೆಡ್ಡಿನಲ್ಲಿ ಸಿಲಿಂಡರ್ ಬಿಚ್ಚಿ, ಎಣ್ಣೆ ಬಸಿದು, ಸರಳನ್ನು ಬೆಂಚಿನ ಮೇಲೆ ಮಲಗಿಸಿದರು. ಹಾಲಾ ಅಳತೆಯ ಚಿಮುಟ ಹಿಡಿದು ಒಂದು ಕಡೆ ನೋಡಿದ, ಇನ್ನೊಂದು ಕಡೆ ನೋಡಿದ, ಮತ್ತೆ ಮೊದಲಿನ ಕಡೆಗೇ ಬಂದ.

“ಇದು ನನ್ನ ಸರಳಲ್ಲ,” ಎಂದ.

“ನಾನು ಉಜ್ಜಿದೆ,” ಎಂದ ವೆಂಡೆಲಿನ್. “ಬಿಯರ್ ಚೆಲ್ಲಬಾರದು ಅಂತ.”

ಯಾರೂ ನಗಲಿಲ್ಲ. ಹಾಲಾ ಬೈಯಲು ಬಾಯಿ ತೆರೆದು, ಎದುರಿಗಿದ್ದ ನರೆತ ಮೀಸೆ ನೋಡಿ ಚಿಮುಟ ಕೆಳಗಿಟ್ಟ. ಯಾರಿಗೂ ಅಲ್ಲವೆಂಬಂತೆ ಹೇಳಿದ: “ಏಳು ಚೀಲಕ್ಕೆ ಸಿಲಿಂಡರ್ ಕಿತ್ಕೊಂಡು ನಳಿಗೆ ಹಳಿ ಬಿಟ್ಟು ಹಾರ್ತಿತ್ತು.”

“ಯಾವ ಕಡೆ?” ಎಂದು ಕೇಳಿದ್ದು ಕ್ವಿಡೊ.

“ನೀನು ನಿಂತಿದ್ದ ಕಡೆ.”

ಕ್ವಿಡೊ ಮಾವನನ್ನು ನೋಡಿದ. ಸಿಟ್ಟಿದ್ದರೆ ವೆಂಡೆಲಿನ್ ತಡೆದುಕೊಳ್ಳುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮನುಷ್ಯನನ್ನು ನೋಡುವ ಹಾಗಿತ್ತು. ಕ್ವಿಡೊ ಟೋಪಿ ಹಾಕಿಕೊಂಡು ಹೊರಗೆ ಹೋದ.

ಮಾಡಿದ್ದುಣ್ಣೋ ಮಹಾರಾಯ. ವೆಂಡೆಲಿನ್ನನ ಕೈಯಿಂದ ಮೇಸ್ತ್ರಿಯ ಬೆಂಚು ಹೋಯಿತು, ಮತೋಶನ ಉಗ್ರಾಣಕ್ಕೆ ಹಾಕಿದರು. ಊರಿನ ಬಿಯರ್ ಅಂಗಡಿಗಳಲ್ಲಿ ಅವನು ಬಾಗಿಲು ತಳ್ಳಿದರೆ ಸಾಕು, “ಬಂದ ನೋಡು, ಎರಡನೇ ಬಾಯಾರಿಕೆ!” ಎನ್ನುತ್ತಿದ್ದರು. ಅದು ನೋಯುತ್ತಿತ್ತು, ಆದರೆ ಅದು ದೊಡ್ಡ ನೋವಾಗಿರಲಿಲ್ಲ. ಮನೆಯಲ್ಲಿ ಕ್ವಿಡೊ ಮಾತು ನಿಲ್ಲಿಸಿದ್ದ. ಭಾನುವಾರದ ಬಾತುಕೋಳಿ, ಹುಳಿಕೋಸು, ಹಿಟ್ಟಿನ ಕಡುಬಿನ ಊಟಕ್ಕೂ ಮಹಡಿಯಿಂದ ಇಳಿಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ವೆಂಡೆಲಿನ್ ಎದ್ದು ನಿಲ್ಲುತ್ತಿದ್ದ. ಸದ್ದು ಹೊರಬಾಗಿಲ ಕಡೆ ಹೋದರೆ ಮತ್ತೆ ಕೂರಲಾಗುತ್ತಿರಲಿಲ್ಲ.

“ಒಂದು ಮಾತು ಕೇಳಲಾ?” ಎಂದ ಮತೋಶ್ ಒಂದು ದಿನ, ಉಗ್ರಾಣದಲ್ಲಿ ತೊಗಲಿನ ವಾಷರುಗಳಿಗೆ ಎಣ್ಣೆ ಹಚ್ಚುತ್ತ.

“ಕೇಳು. ನೀನು ಬೈದರೆ ನ್ಯಾಯ. ಆ ಹೆಸರು ಇಟ್ಟವನು ನಾನೇ ತಾನೆ?”

“ಬೈಯೋದು ಹಳೇ ಕತೆ. ಕುಡಿದಾದ್ಮೇಲೆ ರಾತ್ರಿ ನಿದ್ದೆ ಬಂತಾ?”

ವೆಂಡೆಲಿನ್ ಯೋಚಿಸಿದ. “ಬಂತು. ಅದರ ಹಿಂದಿನ ರಾತ್ರಿ ಬಂದಿರಲಿಲ್ಲ.”

“ನನಗೂ ಬಂದಿತ್ತು,” ಎಂದ ಮತೋಶ್. “ಇದನ್ನ ಯಾರಿಗೂ ಹೇಳೋಕೇ ಆಗಿರಲಿಲ್ಲ, ನೋಡು. ಯಾರಿಗೆ ಹೇಳಿದ್ರೂ ಅರ್ಥ ಆಗ್ತಿರಲಿಲ್ಲ.” ಇನ್ನೊಂದು ವಾಷರ್ ಎತ್ತಿಕೊಂಡ.

ಹೊಸ ಸರಳು ತಯಾರಾಗಿ ಫಿರಂಗಿ ಮತ್ತೆ ಮೈದಾನಕ್ಕೆ ಹೋದಾಗ ಬೇಸಿಗೆ ಮುಗಿಯುತ್ತಿತ್ತು. ಬಿಯರ್ ಪೆಟ್ಟಿಗೆಯ ಒಂದು ಹಿಡಿ ಮತೋಶನ ಕೈಯಲ್ಲಿ, ಇನ್ನೊಂದು ವೆಂಡೆಲಿನ್ನನ ಕೈಯಲ್ಲಿ. ಹೊಸ ಮೇಸ್ತ್ರಿ ಬಂದು ಗ್ಲಾಸ್ ತೆಗೆದುಕೊಂಡು ಹೋಗಿ ಚಕ್ರದ ಮೇಲಿಟ್ಟ. ಏಳು ಚೀಲ ತುಂಬಿದರು.

ಕ್ವಿಡೊ ಬಂದ. ಉದ್ದನೆಯ ಹಗ್ಗದ ಸುರುಳಿ ಹೆಗಲ ಮೇಲಿತ್ತು. ಅದರ ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಬಿಚ್ಚುತ್ತ ಬಿಚ್ಚುತ್ತ, ಪೆಟ್ಟಿಗೆಯ ಪಕ್ಕದಲ್ಲೇ ಹಾದು, ಯಾರ ಮುಖವನ್ನೂ ನೋಡದೆ ಮಣ್ಣಿನ ಗೋಡೆಯ ಹಿಂದೆ ಹೋಗಿ ಕೂತ. ಅವನನ್ನು ಅಲ್ಲಿ ಕೂರಿಸಿದ್ದು ತಾನೇ ಎಂದು ವೆಂಡೆಲಿನ್ನನಿಗೆ ಗೊತ್ತಿತ್ತು. ಇನ್ನು ಯಾವ ಮೇಸ್ತ್ರಿಯ ಫಿರಂಗಿಗೂ ಅವನು ಎದೆಯುಬ್ಬಿಸಿ ನಿಲ್ಲುವುದಿಲ್ಲ, ಯಾರ ಕೈಯನ್ನೂ ಹಾಗೆ ನಂಬುವುದಿಲ್ಲ. ವೆಂಡೆಲಿನ್ನನಿಗೆ ಅಳು ಬಂತು. ಅದೇ ಹೊತ್ತಿಗೆ, ಅಷ್ಟು ದಪ್ಪನೆಯ ಮಣ್ಣಿನ ಹಿಂದೆ ಆ ಹುಡುಗ ಕೂತಿದ್ದಾನಲ್ಲ ಎಂದು ಜೀವ ತಣ್ಣಗೂ ಆಯಿತು.

ಬಾವುಟ ಇಳಿಯಿತು. ನೆಲ ಅದುರಿತು. ನಳಿಗೆ ಹಿಂದಕ್ಕೆ ನುಗ್ಗಿ, ಗಕ್ಕನೆ ಹಿಡಿತಕ್ಕೆ ಸಿಕ್ಕಿ, ನಿಂತು, ಮೆಲ್ಲಗೆ ಮುಂದಕ್ಕೆ ಬಂತು. ಬಂಡಿ ನಡುಗಿತು. ಗ್ಲಾಸ್ ವಾಲಿ, ಅರ್ಧ ಬಿಯರ್ ಚಕ್ರದ ಮೇಲೆ ಸುರಿಯಿತು. “ಅಯ್ಯೋ ಅಯ್ಯೋ!” ಎಂದು ಶೆಡ್ಡಿನವರು ಬೊಬ್ಬೆ ಹಾಕಿದರು, ಹೊಸ ಮೇಸ್ತ್ರಿ ಹಣೆ ಬಡಿದುಕೊಂಡ. ಹಾಲಾ ಒಬ್ಬನೇ ನಗುತ್ತಿದ್ದ.

ಕ್ವಿಡೊ ಗೋಡೆಯ ಹಿಂದಿನಿಂದ ಎದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡು, ಫಿರಂಗಿಯ ಹತ್ತಿರ ಹೋದ. ಬಗ್ಗಿ ಹಳಿಯ ಮೇಲೆ ಅಂಗೈ ಬಿಡಿಸಿ ಅಳೆದ. ಮತ್ತೊಮ್ಮೆ ಅಳೆದ. ಆಮೇಲೆ ಬಿಯರ್ ಪೆಟ್ಟಿಗೆಯ ಕಡೆ ತಿರುಗಿದ.

“ಮಾವ,” ಎಂದ. “ಕೆಂಪಿಗೆ ಇನ್ನೂ ಒಂದು ಗೇಣು ಇದೆ. ಬನ್ನಿ, ನೋಡಿ.”

ವೆಂಡೆಲಿನ್ ಹೋದ. ಬಗ್ಗಿ ನೋಡಿದ. ಗೇಣು ಇತ್ತು. ಕಣ್ಣು ಮಂಜಾಗಿ ಗೆರೆ ಸರಿಯಾಗಿ ಕಾಣಲಿಲ್ಲ, ಆದರೂ ತಲೆಯಾಡಿಸಿದ. ಜೇಬಿನಿಂದ ಬಟ್ಟೆ ತೆಗೆದು ಚಕ್ರದ ಮೇಲೆ ಚೆಲ್ಲಿದ ಬಿಯರನ್ನು ಚೊಕ್ಕಟವಾಗಿ ಒರೆಸಿದ. ಹಳಿಯ ಮೇಲಿನ ಗ್ರೀಸನ್ನು ಮುಟ್ಟಲಿಲ್ಲ.